ಹಡಗುಕಟ್ಟೆಯ ತಡಕಮ್ಮ

ಗುವಾತ್ ನೀಯೋ ಎಂಬ ಹೆಸರನ್ನು ಪಿನಾಂಗ್ ದ್ವೀಪದ ಹಡಗುಕಟ್ಟೆಯ ಓಣಿಗಳಲ್ಲಿ ಎಲ್ಲರೂ ಮರೆತೇಬಿಟ್ಟಿದ್ದರು. ಎಲ್ಲರ ಬಾಯಲ್ಲೂ ಅವಳು ತಡಕಮ್ಮ. ಚೀನಾದ ಆಮೊಯ್ ಬಂದರಿನಿಂದ ಬಂದಿಳಿದ ಹೆಂಗಸರನ್ನು ಒಬ್ಬೊಬ್ಬರಾಗಿ ಪರದೆಯ ಹಿಂದೆ ಕರೆದು, ಮೈ ತಡಕಿ, ಕಳ್ಳ ಅಫೀಮು ಬಚ್ಚಿಟ್ಟುಕೊಂಡಿದ್ದಾರೆಯೇ ಎಂದು ನೋಡುವುದು ಅವಳ ಕೆಲಸ. ಗಂಡಸರನ್ನು ತಡಕುವ ಸಿಪಾಯಿಗಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಬೀದಿಗೆ ಕಾಲಿಟ್ಟರೆ ಸಾಕು, ಎದುರುಮನೆ ಮುಂದೆ ಕುಳಿತು ತೆಂಗಿನಹಾಲಿನ ಕಡುಬು ಮಾರುವ ಲಾಯ್ ಹೂನ್ ಗಟ್ಟಿಯಾಗಿ ಕೂಗುತ್ತಿದ್ದಳು:

"ತಡಕಮ್ಮ ಬಂದ್ಲು ಕಣ್ರೇ! ಎಲ್ರೂ ಲುಂಗಿ ಬಿಗಿ ಮಾಡ್ಕೊಳ್ಳಿ!"

ಗುವಾತ್ ಕೇಳಿಸದವಳಂತೆ ಹೋಗುತ್ತಿದ್ದಳು. ಮನೆಯೊಳಗೆ ಬಂದ ಮೇಲೆ ಮಾತ್ರ ಕೈಗಳನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.

ಬಿಳಿಯರ ಸರ್ಕಾರ ತಾನೇ ಅಂಗಡಿ ತೆರೆದು ಅಫೀಮು ಮಾರುತ್ತಿದ್ದ ಕಾಲ ಅದು. ಸರ್ಕಾರದ ಮೊಹರಿದ್ದರೆ ಸರಕು, ಇಲ್ಲದಿದ್ದರೆ ಅಪರಾಧ. ಗುವಾತಳ ಗಂಡ ಮೊಹರಿದ್ದದ್ದನ್ನೂ ಸೇದಿದ, ಇಲ್ಲದ್ದನ್ನೂ ಸೇದಿದ. ಕೊನೆಗೆ ಒಣಮೀನಿನಂತೆ ಚಾಪೆಗೆ ಅಂಟಿಕೊಂಡು ಸತ್ತ. ಅವನನ್ನು ಕೊಂದದ್ದು ಯಾರ ಅಫೀಮು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅವನು ಹೋದ ಮೇಲೆ ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದೆ ಅವಳು ಅಫೀಮು ಇಲಾಖೆಯ ಈ ಕೆಲಸ ಹಿಡಿದಿದ್ದಳು.

ಇಲಾಖೆಗೆ ಆಗ ಒಬ್ಬನೇ ಒಬ್ಬನ ಮೇಲೆ ಕಣ್ಣು. ಅವನು ಓಂಗ್ ಚಿನ್ ಸಿಯಾಂಗ್ ಸಾಹುಕಾರ. ಊರಿಗೆಲ್ಲ ಊದುಬತ್ತಿ ಮಾಡಿ ಮಾರುವವನು, ಶಾಲೆ ಕಟ್ಟಿಸಿದವನು, ಪ್ರೇತಗಳ ಹಬ್ಬ ಬಂದರೆ ಸ್ವಂತ ಖರ್ಚಿನಲ್ಲಿ ನಾಟಕ ಆಡಿಸುವವನು. ಕಳ್ಳ ಅಫೀಮು ಅವನ ಕೈಯಿಂದಲೇ ಬರುತ್ತದೆ ಎಂಬುದು ಬಂದರಿನ ಕೂಲಿಗಳಿಗೂ ಗೊತ್ತಿತ್ತು, ಆದರೆ ಹಿಡಿಯುವುದು ಯಾರಿಗೂ ಆಗಿರಲಿಲ್ಲ. ಇಲಾಖೆಯವರು ಅವನ ಅಕ್ಕಿ ಮೂಟೆಗಳಿಗೆ ಕಬ್ಬಿಣದ ಸಲಾಕೆ ಚುಚ್ಚಿದರು, ಉಪ್ಪುಮೀನಿನ ಹೊಟ್ಟೆ ಸೀಳಿದರು, ಪಿಂಗಾಣಿ ಜಾಡಿಗಳನ್ನು ಒಡೆದು ಅವಕ್ಕೆ ನಷ್ಟ ತುಂಬಿಕೊಟ್ಟರು. ಒಂದು ಗುಂಜಿಯೂ ಸಿಗಲಿಲ್ಲ.

ಒಂದು ದಿನ ಇಲಾಖೆಯ ವಿದರ್ಸ್ ದೊರೆ ಗುವಾತಳನ್ನು ಒಳಗೆ ಕರೆಸಿದ. ಅವನಿಗೆ ಅಲ್ಲಿನ ಚೀನೀಯರ ಹೊಕ್ಕಿಯನ್ ಮಾತು ಚೆನ್ನಾಗಿ ಬರುತ್ತಿತ್ತು. ಬೈಗುಳ ಮಾತ್ರ ಅರ್ಥವಾಗುತ್ತಿರಲಿಲ್ಲ.

"ನಾಳೆಯ ಹಡಗಲ್ಲಿ ಓಂಗನ ತಾಯಿ ಬರ್ತಿದ್ದಾಳೆ. ಪಕ್ಕಾ ಸುದ್ದಿ ಸಿಕ್ಕಿದೆ. ಮಾಲು ಅವಳ ಕಾಲಿನ ಪಟ್ಟಿಯೊಳಗಿದೆಯಂತೆ."

ಗುವಾತ್ ಬೆಚ್ಚಿದಳು. "ಚಿಕ್ಕಂದಲ್ಲೇ ಪಾದ ಮಡಚಿ ಪಟ್ಟಿ ಕಟ್ಟಿಸ್ಕೊಂಡ ಹಳೇ ಕಾಲದ ಅಜ್ಜೀನಾ ದೊರೆ? ಅವ್ರು ಆ ಪಟ್ಟೀನ ಕಟ್ಕೊಂಡ ಗಂಡನ ಮುಂದೂ ಬಿಚ್ಚಲ್ಲ."

"ಅದಕ್ಕೇ ಅಲ್ಲಿಟ್ಟಿರೋದು. ಬಿಚ್ಚಿಸಿ ನೋಡು."

ಅವಳು ಹೊರಗೆ ಬರುವಾಗ ಕಚೇರಿಯ ಹಿಂಬದಿಯ ಮೆಟ್ಟಿಲ ಮೇಲೆ ತೋಕ್ ಎಂಬವನು ಕುಳಿತು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಓಂಗ್ ಸಾಹುಕಾರನ ಕಾರು ಓಡಿಸುವವನು. ಗುವಾತಳನ್ನು ಕಂಡದ್ದೇ ಮುಖ ಆಚೆ ತಿರುಗಿಸಿದ. ಸುದ್ದಿ ಕೊಟ್ಟವನು ಇವನೇ ಎಂದು ಅವಳಿಗೆ ತಿಳಿಯಿತು. ಉಂಡ ಮನೆಗೆ ದ್ರೋಹ ಬಗೆಯಲು ಇವನಿಗೇನು ಬಂದಿತ್ತೋ ಎಂದುಕೊಂಡು ಮನೆಗೆ ನಡೆದಳು.

ಮರುದಿನ ಅಜ್ಜಿಯನ್ನು ಇಬ್ಬರು ಆಳುಗಳು ಕುರ್ಚಿಯಲ್ಲಿ ಕೂರಿಸಿಯೇ ಹೊತ್ತು ತಂದರು. ಹಡಗಿನಲ್ಲಿ ಜೊತೆಗಿದ್ದ ಹಲವು ಹೆಂಗಸರು ಅವಳನ್ನು ಸುತ್ತುವರಿದು, ಒಬ್ಬಳು ಕೊಡೆ ಹಿಡಿದು, ಒಬ್ಬಳು ಬೀಸಣಿಗೆ ಬೀಸಿ, ದೇವರ ಮೆರವಣಿಗೆಯ ಹಾಗೆ ಬಂದರು. ಊರಿನವರೆಲ್ಲ ತಾನ್ ಅಜ್ಜಿ ಎಂದು ಕರೆಯುತ್ತಿದ್ದ ಆಕೆ ತವರಿನ ಕಡೆಯ ಗುಡಿಗಳಿಗೆ ಹರಕೆ ಒಪ್ಪಿಸಿ ಮರಳುತ್ತಿದ್ದಳು. ಕಪ್ಪು ರೇಷ್ಮೆಯ ಅಂಗಿ, ಹಣೆಗೆ ಮುತ್ತಿನ ಪಟ್ಟಿ, ಕಸೂತಿ ಹಾಕಿದ ಅಂಗೈಯಗಲದ ಪಾದರಕ್ಷೆ.

ಗುವಾತ್ ತಲೆಬಾಗಿ, "ಅಜ್ಜಿ, ಒಳಗೆ ಒಂದು ಗಳಿಗೆ ಬರಬೇಕು," ಎಂದಳು.

"ಯಾಕೆ?"

"ಸರ್ಕಾರದ ಅಪ್ಪಣೆ."

ವಿದರ್ಸ್ ದೊರೆ ಪರದೆಯಾಚೆ ನಿಂತಿದ್ದ. ಸಿಪಾಯಿಗಳೂ ಗುಮಾಸ್ತರೂ ಅಲ್ಲೇ ಗುಂಪುಗೂಡಿದ್ದರು. ಅಂಥಾ ಮನೆಯ ಯಜಮಾನಿಯನ್ನು ತಡಕುವುದೆಂದರೆ ಸಣ್ಣ ವಿಷಯವೇ? ಉಳಿದ ಹೆಂಗಸರ ಕಡೆ ನೋಡುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ.

ಒಳಗೆ ಗುವಾತ್ ಅಜ್ಜಿಯ ಭುಜ, ಬೆನ್ನು, ಸೊಂಟ ಮುಟ್ಟಿ ನೋಡಿದಳು. ಅಜ್ಜಿ ಕಲ್ಲಿನಂತೆ ಕುಳಿತಿದ್ದಳು. ಆಮೇಲೆ ಗುವಾತ್ ಮಂಡಿಯೂರಿ, ಪಾದರಕ್ಷೆ ಕಳಚಿ, ಪಟ್ಟಿಯ ಮೇಲಿಂದಲೇ ಪಾದವನ್ನು ಮೆಲ್ಲಗೆ ಒತ್ತಿದಳು. ಬಟ್ಟೆಯ ಕೆಳಗೆ ಮೂಳೆ, ತೊಗಲು, ಮತ್ತೇನೂ ಇರಲಿಲ್ಲ. ಅವಳ ಬೆರಳುಗಳು ಎಂದೂ ತಪ್ಪು ಹೇಳುತ್ತಿರಲಿಲ್ಲ. ಎದ್ದು ಹೊರಗೆ ಹೋಗಿ, "ಏನೂ ಇಲ್ಲ ದೊರೆ," ಎಂದುಬಿಟ್ಟಿದ್ದರೆ ಕೆಲಸ ಮುಗಿದಿರುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಹಲ್ಲು ಕಚ್ಚಿ ಅಂದಳು: "ಕೈ ತೆಗಿಯೇ, ಕೊಂಡ ದಾಸಿ!"

ಗುವಾತಳ ತಾಯಿ ನಿಜಕ್ಕೂ ಕೊಂಡ ದಾಸಿಯೇ. ಇಂಥದೇ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತಿಕ್ಕುತ್ತ, ಇಂಥದೇ ಒಬ್ಬ ಅಜ್ಜಿಯ ಉಗುಳುಪಾತ್ರೆ ಹಿಡಿಯುತ್ತ ಬಾಳು ಸವೆಸಿದವಳು. ಗುವಾತಳ ಕಿವಿ ಬಿಸಿಯಾಯಿತು. ಅವಳು ಪಟ್ಟಿಯ ತುದಿ ಹುಡುಕಿ ಬಿಚ್ಚತೊಡಗಿದಳು. ಅವಸರ ಮಾಡಲಿಲ್ಲ. ಒಂದೊಂದೇ ಸುತ್ತು ಬಿಚ್ಚಿ, ಅಜ್ಜಿ ಕಣ್ಣು ಮುಚ್ಚಿಕೊಂಡದ್ದನ್ನು ನೋಡುತ್ತ, ಮತ್ತೊಂದು ಸುತ್ತು ಬಿಚ್ಚಿದಳು. ಒಳಗಿನ ಬೆರಳುಗಳು ಅಂಗಾಲಿಗೆ ಮಡಚಿ ಹೋಗಿದ್ದವು. ಪಾದ ಹೂಕೋಸಿನ ದಂಟಿನಂತೆ ಬಿಳಿಚಿತ್ತು. ಆ ಪಾದವನ್ನು ಕಾಣುತ್ತಲೇ ಅವಳ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಆ ಹೊತ್ತಿಗೆ ಇನ್ನೊಂದು ಕಾಲಿನದೂ ಅರ್ಧ ಬಿಚ್ಚಿಯಾಗಿತ್ತು.

"ಏನಾದ್ರೂ ಸಿಕ್ತಾ?" ಪರದೆಯಾಚೆಯಿಂದ ದೊರೆ ಕೇಳಿದ.

"ಇಲ್ಲ," ಎಂದಳು.

ತಿರುಗಿ ಪಟ್ಟಿ ಕಟ್ಟಲು ಕೈ ಚಾಚಿದರೆ ಅಜ್ಜಿ ಒದ್ದಳು. ಬರಿಗಾಲಿಗೆ ತನ್ನ ಮೇಲುವಸ್ತ್ರ ಸುತ್ತಿಕೊಂಡು, ಕುರ್ಚಿಯಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ ಕಾರಿನವರೆಗೆ ಹೋದಳು. ಅಲ್ಲಿ ಆ ತೋಕ್ ಬಾಗಿಲು ತೆರೆದು ನಿಂತಿದ್ದ.

ಸುದ್ದಿ ಊರು ಸುತ್ತಲು ತಡವಾಗಲಿಲ್ಲ. ಮರುದಿನ ಚೀನೀಯರ ಅಂಗಡಿಗಳು ಬಾಗಿಲು ತೆರೆಯಲಿಲ್ಲ. ಹಿರಿಯರೆಲ್ಲ ಗುಡಿಯಲ್ಲಿ ಸೇರಿದರು. ಓಂಗ್ ಸಾಹುಕಾರ ಎಲ್ಲರೆದುರು ಎದೆ ಬಡಿದುಕೊಂಡು ಅತ್ತ. "ನನ್ನಮ್ಮನ ಮಾನ ಕಟ್ಟೇಲಿ ಹರಾಜಾಯ್ತು! ಇವತ್ತು ನನ್ನಮ್ಮ, ನಾಳೆ ನಿಮ್ಮಮ್ಮ!" ಹಿರಿಯರು ದೊಡ್ಡ ದೊರೆಯ ಬಳಿಗೆ ಹೋದರು. ಕೆಲವೇ ದಿನಗಳಲ್ಲಿ ಆಜ್ಞೆ ಬಂತು: ಇನ್ನು ಮೇಲೆ ಕಟ್ಟೆಯಲ್ಲಿ ಚೀನೀ ಹೆಂಗಸರ ಮೈ ತಡಕುವಂತಿಲ್ಲ.

ಜೊತೆಗೆ ಇನ್ನೊಂದು ಷರತ್ತೂ ಇತ್ತು. ತಡಕಿದವಳು ಸಾಹುಕಾರನ ಮನೆಗೆ ಹೋಗಿ, ಪದ್ಧತಿಯಂತೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ಜೋಡಿ ಮೇಣದ ಬತ್ತಿ ಹಚ್ಚಿ, ಮಂಡಿಯೂರಿ ಚಹಾ ಕೊಟ್ಟು ಕ್ಷಮೆ ಬೇಡಬೇಕು.

"ನಾನು ಹೇಳಿದ್ದಕ್ಕೆ ನೀನು ಮಾಡಿದ್ದು, ನಂಗೊತ್ತು," ಎಂದ ವಿದರ್ಸ್ ದೊರೆ, ಕಿಟಕಿಯ ಕಡೆ ನೋಡುತ್ತ. "ಆದ್ರೆ ಮೇಲಿನವರು ಹೀಗಂದಿದ್ದಾರೆ."

ದೊರೆ ಹೇಳಿದ್ದಕ್ಕಾಗಿ ತಾನು ಬಿಚ್ಚಲಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಸುಮ್ಮನೆ ತಲೆಯಾಡಿಸಿದಳು.

ಅವಳು ಮೇಣದ ಬತ್ತಿ ಹಿಡಿದು ಹೊರಟಾಗ ಓಣಿಯ ಎರಡೂ ಬದಿ ಜನ ನಿಂತಿದ್ದರು. ಸಾಹುಕಾರನ ಬಾಗಿಲಲ್ಲಿ ಪಟಾಕಿ ಹೊಡೆದರು. ಅವಳು ಎಲ್ಲರೆದುರು ಮಂಡಿಯೂರಿದಳು. ಕಲಿಸಿದ ಮಾತನ್ನು ಒಪ್ಪಿಸಿದಳು. ಆದರೆ ಅಜ್ಜಿ ಅಲ್ಲಿರಲಿಲ್ಲ, ಒಳಮನೆಯಲ್ಲಿ ಮಲಗಿದ್ದಳು. "ಚಹಾ ಒಳಗೆ ತಂದುಕೊಡ್ಲಿ. ಅವಳೊಬ್ಳೇ ಬರ್ಲಿ," ಎಂದು ಹೇಳಿಕಳಿಸಿದಳು.

ಒಳಗೆ ಬಾಗಿಲು ಮುಂದೆ ಮಾಡಿದ ಮೇಲೆ ಅಜ್ಜಿ ಚಹಾ ಮುಟ್ಟಲಿಲ್ಲ. ಗುವಾತಳನ್ನೇ ನೋಡಿದಳು.

"ನಿಜ ಹೇಳು. ಅವತ್ತು ಪಟ್ಟಿಯೊಳಗೆ ಏನೂ ಇಲ್ಲ ಅಂತ ನಿನ್ನ ಕೈಗೆ ಗೊತ್ತಾಗಿತ್ತು, ಅಲ್ವಾ?"

ಗುವಾತ್ ಬಟ್ಟಲನ್ನು ಕೆಳಗಿಟ್ಟಳು. "ಗೊತ್ತಾಗಿತ್ತು."

"ಮತ್ಯಾಕೆ ಬಿಚ್ಚಿದೆ?"

"ನೀವು ಕೊಂಡ ದಾಸಿ ಅಂದ್ರಿ. ನಮ್ಮಮ್ಮ ಕೊಂಡ ದಾಸಿ." ಅವಳ ಕಣ್ಣಲ್ಲಿ ನೀರು ಬಂತು. "ಹೊರಗೆ ಹೇಳಿದ್ದೆಲ್ಲ ಅವ್ರು ಕಲಿಸಿದ ಮಾತು ಅಜ್ಜಿ. ಇದು ನಂದು. ನಾನು ಸಿಟ್ಟಿಗೆ ಬಿಚ್ಚಿದೆ. ತಪ್ಪಾಯ್ತು."

ಅಜ್ಜಿ ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಈ ಮನೇಲಿ ನಿಜ ಹೇಳೋರ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಹೇಳು. ನನ್ನ ಕಾಲಲ್ಲಿ ಅಫೀಮಿದೆ ಅಂತ ನಿನ್ನ ದೊರೆಗೆ ಊದಿದ್ದು ಯಾರು?"

ಗುವಾತ್ ಹಿಂದೆಮುಂದೆ ನೋಡಿದಳು. ಕೊನೆಗೆ ಹೇಳಿದಳು: "ನಿಮ್ಮ ಡ್ರೈವರು, ಆ ತೋಕ್."

"ಆ ತೋಕ್?" ಅಜ್ಜಿ ನಗಲು ಹೋದಳು, ನಗು ಬರಲಿಲ್ಲ. "ಅವ್ನು ನನ್ನ ಮಗನ್ನ ಕೇಳ್ದೆ ಒಂದು ಲೋಟ ನೀರೂ ಕುಡಿಯಲ್ವಲ್ಲೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ಓಂಗ್ ಸಾಹುಕಾರ ಬಂದವರಿಗೆಲ್ಲ ಕಿತ್ತಳೆ ಹಂಚುತ್ತ, ಗಟ್ಟಿಯಾಗಿ ನಗುತ್ತ, ಉಪಚರಿಸುತ್ತಿದ್ದದ್ದು ಕೇಳುತ್ತಿತ್ತು.

"ಹಡಗಲ್ಲಿ ನಂಜೊತೆ ಬಂದ್ರಲ್ಲ, ಆ ಹೆಂಗಸ್ರು," ಎಂದಳು ಅಜ್ಜಿ ಪಿಸುದನಿಯಲ್ಲಿ. "ಅಂಥಾ ಸೆಕೇಲೂ ಒಬ್ಳೂ ಅಂಗಿಯೊಳಗೆ ಸುತ್ಕೊಂಡಿದ್ದ ಹೊಟ್ಟೆಪಟ್ಟಿ ಸಡಿಲ ಮಾಡ್ಲಿಲ್ಲ. ಅವ್ರನ್ನ ಯಾರಾದ್ರೂ ತಡಕಿದ್ರಾ ಅವತ್ತು?"

"ಇಲ್ಲ ಅಜ್ಜಿ. ಎಲ್ರೂ ನಿಮ್ಮನ್ನೇ ನೋಡ್ತಾ ನಿಂತಿದ್ರು."

ಅಜ್ಜಿ ಗೋಡೆಯ ಕಡೆ ಹೊರಳಿ ಮಲಗಿದಳು.

ಆ ತಿಂಗಳು ಕಳೆಯುವ ಮುನ್ನ ಗುವಾತಳಿಗೆ ಸಾಹುಕಾರನ ಮನೆಯಿಂದ ಕರೆ ಬಂತು. ಅಜ್ಜಿ ಕಾಲಿಗೆ ಪಟ್ಟಿ ಕಟ್ಟಲು ಮನೆಯ ಯಾವ ಆಳನ್ನೂ ಬಿಡುತ್ತಿಲ್ಲವಂತೆ. ಪಟ್ಟಿ ಇಲ್ಲದೆ ಪಾದ ಬಾತುಕೊಂಡಿದೆಯಂತೆ. "ಅವಳು ಹ್ಯಾಗೂ ನೋಡಿಯಾಗಿದೆ. ಅವಳೇ ಬಂದು ಕಟ್ಲಿ. ಇನ್ನೊಬ್ರ ಕಣ್ಣಿಗೆ ಯಾಕೆ ಬೀಳಿಸ್ಲಿ?" ಎಂದಿದ್ದಳಂತೆ.

ಗುವಾತ್ ಹೋದಳು. ಬಿಸಿನೀರಿನಲ್ಲಿ ಪಾದ ನೆನೆಸಿ, ಮಡಚಿದ ಬೆರಳುಗಳ ಸಂದಿಯನ್ನು ಒರೆಸಿ, ಪಟಿಕದ ಪುಡಿ ಹಾಕಿ, ಹೊಸ ಬಟ್ಟೆ ಸುತ್ತಿದಳು. ಆಮೇಲೆ ಅದೇ ರೂಢಿಯಾಯಿತು. ಓಂಗ್ ಸಾಹುಕಾರನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದ: "ನೋಡಿ, ಸರ್ಕಾರದವಳು! ಈಗ ನಮ್ಮಮ್ಮನ ಕಾಲು ತೊಳೀತಾಳೆ!" ಲಾಯ್ ಹೂನಳಿಗೂ ಹೊಸ ಹಾಡು ಸಿಕ್ಕಿತು: "ಏನ್ ತಡಕಮ್ಮ, ಬಡ್ತಿ ಸಿಕ್ತಂತೆ? ಮೈಯಿಂದ ಕಾಲಿಗೆ?"

ಅಜ್ಜಿಯನ್ನು ದಿನವೂ ಹಿಂದಿನ ಜಗಲಿಯಲ್ಲಿ ಕೂರಿಸುತ್ತಿದ್ದರು. ಅಲ್ಲಿಂದ ಊದುಬತ್ತಿಯ ಕಾರ್ಖಾನೆ ಕಾಣುತ್ತಿತ್ತು. ಹಡಗು ಬಂದ ದಿನ ಹೆಂಗಸರು ಹಿತ್ತಿಲ ಬಾಗಿಲಿನಿಂದ ಆ ಕಾರ್ಖಾನೆಯ ಒಳಕೋಣೆಗೆ ಹೋಗುತ್ತಿದ್ದರು, ಹೋಗುವಾಗ ದಪ್ಪ, ಬರುವಾಗ ತೆಳ್ಳಗೆ. ನಡೆಯಲಾರದ ಮುದುಕಿಯಿಂದ ಯಾರು ಏನನ್ನು ಬಚ್ಚಿಡುತ್ತಾರೆ? ಕಟ್ಟೆಯಲ್ಲಿ ಈಗ ತಡಕುವವರಿರಲಿಲ್ಲ. ಗುವಾತಳೂ ಪರದೆಯ ಪಕ್ಕ ಬರಿದೇ ಕುಳಿತು, ಎದುರೇ ಹಾದುಹೋಗುವ ಹೊಟ್ಟೆಪಟ್ಟಿಗಳನ್ನು ನೋಡಿ ಬರುತ್ತಿದ್ದಳು. ಓಣಿಗಳಲ್ಲಿ ಕಳ್ಳ ಅಫೀಮು ಕಡ್ಲೆಪುರಿಯಷ್ಟು ಸಲೀಸಾಗಿ ಸಿಗತೊಡಗಿತು. ಲಾಯ್ ಹೂನಳ ತಮ್ಮ ಕೆಲಸ ಬಿಟ್ಟು ಚಾಪೆ ಹಿಡಿದ.

ಒಂದು ಮಧ್ಯಾಹ್ನ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಬಾಗಿ ಹೇಳಿದಳು: "ನಿನ್ನ ದೊರೆಗೆ ಹೇಳು. ಹೆಂಗಸ್ರನ್ನ ಕಟ್ಟೇಲಿ ಮುಟ್ಟೋದೇ ಬೇಡ. ಮುಂದಿನ ಹಡಗಿನ ದಿನ ಈ ಕಾರ್ಖಾನೆಯ ಒಳಕೋಣೆಗೆ ನುಗ್ಗು ಅಂತ."

ಗುವಾತಳ ಕೈ ನಿಂತಿತು. "ಅಜ್ಜಿ, ಅವ್ರು ನಿಮ್ಮ ಮಗ."

"ನನ್ನ ಮಗ ಅಂತ ನಂಗೆ ನೀನು ಹೇಳ್ಬೇಕಾ?" ಅಜ್ಜಿಯ ಮುಖ ಬಿಗಿಯಿತು. "ಸಣ್ಣವನಿದ್ದಾಗ ಸುಳ್ಳು ಹೇಳಿದ್ರೆ ಕಿವಿ ಕೆಂಪಾಗ್ತಿತ್ತು ಅವಂದು. ಅವತ್ತು ಗುಡೀಲಿ ನನ್ನ ಹೆಸರು ಹಿಡಿದು ಅತ್ತನಂತಲ್ಲ, ಅವತ್ತು ಕಿವಿ ಕೆಂಪಾಗಿತ್ತಾ ಅಂತ ಯಾರನ್ನ ಕೇಳ್ಲಿ?"

"ಆ ಹೆಂಗಸ್ರು ಜೈಲಿಗೆ ಹೋಗ್ತಾರೆ ಅಜ್ಜಿ. ನನ್ನಂಥೋರೇ ಅವ್ರು. ಹೊಟ್ಟೆಗಿಲ್ದೆ ಬಂದೋರು."

"ಗೊತ್ತು. ಅದು ನಿನ್ನ ತಲೆ ಮೇಲೂ ಇರ್ಲಿ, ನನ್ನ ತಲೆ ಮೇಲೂ ಇರ್ಲಿ. ಬೇರೆ ದಾರಿ ನಿಂಗೆ ಗೊತ್ತಿದ್ರೆ ಹೇಳು."

ಗುವಾತ್ ಹಲವು ದಿನ ಅನ್ನ ಸೇರದೆ ಒದ್ದಾಡಿದಳು. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಕೊನೆಗೆ ಲಾಯ್ ಹೂನಳ ತಮ್ಮ ಅಕ್ಕನ ಕಡುಬಿನ ಹಬೆಪಾತ್ರೆಯನ್ನೇ ಕದ್ದು ಮಾರಿದ ದಿನ, ಅವಳು ಕಚೇರಿಗೆ ಹೋಗಿ ದೊರೆಗೆ ಎಲ್ಲವನ್ನೂ ಹೇಳಿದಳು. ಯಾರು ಹೇಳಿಕಳಿಸಿದರು ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ.

ಹಡಗು ಬಂದ ದಿನ ಸಿಪಾಯಿಗಳು ಹಿತ್ತಿಲ ಬಾಗಿಲು ಮುರಿದು ನುಗ್ಗಿದರು. ಗಂಧದ ಹಿಟ್ಟಿನ ರಾಶಿಗಳ ನಡುವೆ ಹೆಂಗಸರು ಹೊಟ್ಟೆಪಟ್ಟಿ ಬಿಚ್ಚಿಕೊಂಡು ನಿಂತಿದ್ದರು. ಕೆಂಪು ಕಾಗದದಲ್ಲಿ ಸುತ್ತಿದ ಅಫೀಮಿನ ಬಿಲ್ಲೆಗಳು ಮೇಜಿನ ಮೇಲೇ ಇದ್ದವು. ಊದುಬತ್ತಿಯ ಕಟ್ಟುಗಳೊಳಗೆ ಇನ್ನಷ್ಟು. ಹೆಂಗಸರನ್ನು ತಡಕುವುದಕ್ಕೆ ಗುವಾತಳನ್ನೇ ಒಳಗೆ ಕರೆದರು. ಅವರಲ್ಲಿ ಚೂ ಇಮ್ ಎಂಬವಳು ಎಳೆ ಬಾಣಂತಿ. ಅವಳ ಹೊಟ್ಟೆಪಟ್ಟಿ ಮಾತ್ರ ಬಾಣಂತಿಯದೇ, ಒಳಗೇನೂ ಇರಲಿಲ್ಲ. ಆದರೆ ಅವಳ ಎದೆಬಟ್ಟೆಯಲ್ಲಿ ಗುವಾತಳ ಕೈಗೆ ಬಿಲ್ಲೆ ತಗುಲಿತು. ಚೂ ಇಮ್ ಅವಳ ಮುಖವನ್ನೇ ನೋಡಿದಳು, ಬೇಡಲಿಲ್ಲ. ದೊರೆ ಬಾಗಿಲಲ್ಲೇ ನಿಂತಿದ್ದ. ಗುವಾತ್ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

ಹೆಂಗಸರೆಲ್ಲ ಜೈಲಿಗೆ ಹೋದರು. ಓಂಗ್ ಸಾಹುಕಾರನನ್ನು ಜೈಲಿಗೆ ಹಾಕಲು ಸರ್ಕಾರ ಹೋಗಲಿಲ್ಲ. ನ್ಯಾಯಾಲಯದಲ್ಲಿ ವಕೀಲರು ಏನು ಮಾಡುತ್ತಾರೋ ಎಂಬ ಅಂಜಿಕೆ. ಅದರ ಬದಲು ಗಡೀಪಾರು ಮಾಡಿತು. ಹುಟ್ಟಿದ್ದು ಆಮೊಯ್‌ನಲ್ಲಿ, ಅಲ್ಲಿಗೇ ಹೋಗು, ಇನ್ನೆಂದೂ ಈ ದ್ವೀಪಕ್ಕೆ ಕಾಲಿಡಬೇಡ ಎಂದಿತು. ಅಂಗಡಿಗಳು ಮತ್ತೆ ಬಾಗಿಲು ಹಾಕಲಿಲ್ಲ. ಹಿರಿಯರು ಗುಡಿಯಲ್ಲಿ ಸೇರಲಿಲ್ಲ. ಅವತ್ತು ಅವನ ಅಳುವಿಗೆ ತಾವೂ ಅತ್ತದ್ದು ಅವರಿಗೆ ನೆನಪಿತ್ತು.

ಹೊರಡುವ ದಿನ ಕಟ್ಟೆಯಲ್ಲಿ ಸಿಪಾಯಿಗಳ ನಡುವೆ ಸಾಹುಕಾರ ಬಂದ. ಹಿಂದೆ ಕುರ್ಚಿಯಲ್ಲಿ ಅಜ್ಜಿ. ಅವಳಿಗೆ ಗಡೀಪಾರಿರಲಿಲ್ಲ, ಉಳಿಯಬಹುದಿತ್ತು. ಸೊಸೆಯಂದಿರು ಕಾಲು ಹಿಡಿದರೂ ಕೇಳಲಿಲ್ಲ.

ಪರದೆಯ ಪಕ್ಕ ನಿಂತಿದ್ದ ಗುವಾತಳನ್ನು ಕಂಡು ಸಾಹುಕಾರ ನಿಂತ. "ನನ್ನ ಮನೆಗೆ ಬಂದು ಕಾಲು ತೊಳೆಯೋ ನೆಪದಲ್ಲಿ ನನ್ನ ಮನೇನೇ ತೊಳೆದೆಯಲ್ಲೇ, ಕೊಂಡ ದಾಸಿ!" ಎಂದು ಉಗುಳಿದ. ಉಗುಳು ಅವಳ ತೋಳಿನ ಮೇಲೆ ಬಿತ್ತು.

"ಅವಳನ್ನ ಬೈಬೇಡ," ಎಂದಳು ಅಜ್ಜಿ. ದನಿ ಎತ್ತರಿಸಿರಲಿಲ್ಲ, ಆದರೂ ಸುತ್ತಲಿದ್ದವರಿಗೆ ಕೇಳಿಸಿತು. "ಹೇಳ್ಕಳಿಸಿದ್ದು ನಾನು."

ಸಾಹುಕಾರ ತಿರುಗಿದ. "ಏನಂದೆ ಅಮ್ಮಾ?"

"ಆ ತೋಕ್‌ನ ದೊರೆ ಹತ್ರ ಕಳಿಸಿದ್ದು ನೀನು. ಇವಳನ್ನ ಕಳಿಸಿದ್ದು ನಾನು. ಬಾ, ಹಡಗು ಕಾಯ್ತಿದೆ."

ಅವನ ಕತ್ತಿನಿಂದ ಮೇಲೇರಿದ ಕೆಂಪು ಕಿವಿಗಳವರೆಗೂ ಹೋಯಿತು. ಇಡೀ ಊರಿನೆದುರು ಆ ಮನುಷ್ಯ ತಲೆ ತಗ್ಗಿಸಿದ. ಅಜ್ಜಿ ಅದನ್ನು ನೋಡಲಾರದೆ ಮುಖ ಮುಚ್ಚಿಕೊಂಡಳು. ತಾಯಿ ಮಗ ಇಬ್ಬರೂ ಹಾಗೆಯೇ, ಒಬ್ಬರ ಮುಖ ಒಬ್ಬರು ನೋಡದೆ, ಹಡಗು ಹತ್ತಿದರು.

ಹೆಂಗಸರನ್ನು ತಡಕುವ ಕೆಲಸ ಮತ್ತೆ ಶುರುವಾಯಿತು. ಕಳ್ಳ ಮಾಲು ಕಡಿಮೆಯಾದ ಮೇಲೆ ಸರ್ಕಾರದ ಅಫೀಮು ಅಂಗಡಿಯ ಮುಂದೆ ಸಾಲು ಉದ್ದವಾಯಿತು. ವಿದರ್ಸ್ ದೊರೆಗೆ ಮೇಲಿನವರಿಂದ ಶಾಭಾಸ್‌ಗಿರಿ ಬಂತು. ಲಾಯ್ ಹೂನಳ ತಮ್ಮನೂ ಆ ಸಾಲಿನಲ್ಲೇ ನಿಲ್ಲುತ್ತಿದ್ದ. ಲಾಯ್ ಹೂನ್ ಈಗ ತಡಕಮ್ಮ ಎಂದು ಕೂಗುತ್ತಿರಲಿಲ್ಲ, ಗುವಾತ್ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಕೂಗುತ್ತಿದ್ದರೇ ವಾಸಿಯಿತ್ತು ಎಂದು ಗುವಾತಳಿಗೆ ಅನಿಸಿತು.

ರಜೆಯ ದಿನಗಳಲ್ಲಿ ಅವಳು ಅಕ್ಕಿಗಂಜಿ, ಉಪ್ಪುಮೊಟ್ಟೆ, ಹುರಿದ ಸೊಪ್ಪು ಡಬ್ಬಿಗೆ ತುಂಬಿಕೊಂಡು ಜೈಲಿನ ಬಾಗಿಲಿಗೆ ಹೋಗತೊಡಗಿದಳು. ಮೊದಮೊದಲು ಹೆಂಗಸರು ಯಾರೂ ಬರಲಿಲ್ಲ. "ತಗೊಂಡು ಹೋಗ್ಬೇಕಂತೆ," ಎಂದು ಕಾವಲಿನವಳು ಡಬ್ಬಿಯನ್ನು ಹಾಗೇ ವಾಪಸು ಕೊಡುತ್ತಿದ್ದಳು. ತಿಂಗಳುಗಳು ಕಳೆದು, ಮಳೆಗಾಲದ ಒಂದು ದಿನ ಚೂ ಇಮ್ ಸರಳುಗಳಾಚೆ ಬಂದು ನಿಂತಳು. ಕಂಕುಳಲ್ಲಿ ಮಗು ಇತ್ತು.

"ಗಂಜಿ ಬಿಸಿ ಇದೆಯಾ?" ಎಂದಳು.

"ಇದೆ."

ಚೂ ಇಮ್ ಡಬ್ಬಿ ತೆಗೆದುಕೊಂಡಳು. ಅಲ್ಲೇ ನೆಲದ ಮೇಲೆ ಕುಳಿತು, ಮಗುವಿಗೆ ಊದಿ ಊದಿ ತಿನ್ನಿಸಿದಳು. ಗುವಾತ್ ಸರಳುಗಳನ್ನು ಹಿಡಿದು ನೋಡುತ್ತ ನಿಂತಿದ್ದಳು.

"ನೀವು ಆಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು ಚೂ ಇಮ್, ತಲೆಯೆತ್ತದೆ. "ನೀವು ನೋಡ್ತಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ."

ಗುವಾತ್ ತಿರುಗಿ ನಿಂತಳು. ಡಬ್ಬಿ ಖಾಲಿಯಾಗುವವರೆಗೂ ಜೈಲಿನ ಗೋಡೆಗೆ ಬೆನ್ನು ಕೊಟ್ಟು, ಮಳೆಯಲ್ಲಿ ನೆನೆಯುತ್ತ ಕಾದಳು.